ಹದಿನೈದು ವರ್ಷ ನೋಡಿದ ‘ತಾರಕ್ ಮೆಹ್ತಾ’: ದಯಾಳ ಫೋನು ನಿಂತ ಮೇಲೆ

‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ ಎಂಬ ಹಿಂದಿ ಹಾಸ್ಯ ಧಾರಾವಾಹಿ ಶುರುವಾದದ್ದು 2008ರ ಜುಲೈ 28ಕ್ಕೆ. ನಾನು ಹಿಡಿದದ್ದು ಮರುವರ್ಷ. ಕಂತುಗಳು ನಾಲ್ಕು ಸಾವಿರ ದಾಟಿವೆ. ಅದರ ಕಥೆ ನಡೆಯುವ ಗೋಕುಲಧಾಮ ಸೊಸೈಟಿಯಲ್ಲಿ ಯಾರ್ಯಾರಿದ್ದಾರೆ ಎಂದು ಇಲ್ಲಿ ಬರೆಯುವುದಿಲ್ಲ. ಹಿಂದಿ ಒಂದಕ್ಷರ ಬಾರದವರೂ ಜೇಠಾಲಾಲನ ಮುಖವನ್ನು ಎಲ್ಲಾದರೂ ನೋಡಿಯೇ ಇರುತ್ತಾರೆ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅಪ್ಪ ಹೋದ ಮೇಲೆ, 2011ರಲ್ಲಿ, ಅಮ್ಮನನ್ನು ಕುಂದಾಪುರದಿಂದ ಕರೆದುಕೊಂಡು ಬಂದೆ. ಅವಳಿಗೆ ಹಿಂದಿ ಬರುತ್ತಿರಲಿಲ್ಲ. ಬೆಳಿಗ್ಗೆ ನಾವಿಬ್ಬರೂ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಅವಳೊಬ್ಬಳೇ. ನಾನು ಲೋಕಲ್ ಹಿಡಿದು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಎಂಟು ಗಂಟೆ. ಎಂಟೂವರೆಗೆ ಧಾರಾವಾಹಿ. ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ಮಿಡಿ ಉಪ್ಪಿನಕಾಯಿ ಎಲ್ಲವನ್ನೂ ಟೀವಿಯ ಮುಂದೆ ತಂದಿಟ್ಟುಕೊಂಡು ಕೂರುತ್ತಿದ್ದೆವು. ಶೀರ್ಷಿಕೆ ಗೀತೆ ಮುಗಿಯುವುದರೊಳಗೆ ಎಲ್ಲರ ಬಟ್ಟಲಿಗೂ ಗಂಜಿ ಬೀಳಬೇಕು, ಅದು ಅಮ್ಮ ಮಾಡಿದ ಕಾಯಿದೆ. ಹಪ್ಪಳ ಮಾತ್ರ ಆಮೇಲೆ. ಈ ಧಾರಾವಾಹಿಯಲ್ಲಿ ಯಾರಾದರೂ ಒಂದು ಆಘಾತದ ಮಾತು ಆಡಿದರೆ ಕ್ಯಾಮೆರಾ ಸೊಸೈಟಿಯ ಪ್ರತಿಯೊಬ್ಬರ ಮುಖವನ್ನೂ ಸುತ್ತಿ ಬರುತ್ತದಲ್ಲ, ಭಿಡೆ, ಮಾಧವಿ, ಸೋಢಿ, ಪೋಪಟ್‌ಲಾಲ್ ಅಂತ ಒಬ್ಬೊಬ್ಬರಿಗೂ ಒಂದೊಂದು ಸದ್ದು ಹಾಕಿ, ಆ ಹೊತ್ತಿಗೆ ಅವಳು ಎದ್ದು ಹೋಗಿ ಎರಡು ಹಪ್ಪಳ ಕೆಂಡದ ಬಣ್ಣಕ್ಕೆ ತಿರುಗುವ ಹಾಗೆ ಸುಟ್ಟು ತರುತ್ತಿದ್ದಳು. ಒಂದು ಮುಖವೂ ತಪ್ಪಿದಂತೆ ಅನಿಸುತ್ತಿರಲಿಲ್ಲ.

ಅಮ್ಮ ಹಿಂದಿ ಕಲಿತದ್ದು ಇದರಿಂದಲೇ. ಆರು ತಿಂಗಳಾಗುವಾಗ ಕೆಳಗಿನ ಭಾಜಿಯವನ ಹತ್ತಿರ ಚೌಕಾಸಿ ಮಾಡುತ್ತಿದ್ದಳು. ಕುಕ್ಕರ್ ಸೀಟಿ ಹೊಡೆದು ಬೆಚ್ಚಿದರೆ ‘ಹೇ ಮಾ ಮಾತಾಜಿ’ ಅನ್ನುತ್ತಿದ್ದಳು, ಥೇಟ್ ಜೇಠಾಲಾಲನ ಹೆಂಡತಿ ದಯಾಳ ಹಾಗೆ. ಪಕ್ಕದ ಮನೆಯ ಗುಜರಾತಿ ಬೆನ್ ಜತೆ ಸ್ನೇಹವಾದದ್ದೂ ಇದೇ ನೆಪದಲ್ಲಿ. ತಾರಕ್ ಮೆಹ್ತಾ ಎಂಬುವರು ನಿಜವಾಗಿಯೂ ಇದ್ದವರು, 1971ರಿಂದ ‘ಚಿತ್ರಲೇಖಾ’ ವಾರಪತ್ರಿಕೆಯಲ್ಲಿ ಅಂಕಣ ಬರೆದವರು, ಜೇಠಾಲಾಲ್ ಹುಟ್ಟಿದ್ದೇ ಅಲ್ಲಿ ಎಂದು ನಮಗೆ ಹೇಳಿದ್ದು ಆಕೆ. ಜೇಠಾಲಾಲನ ಅಪ್ಪ ಚಂಪಕ್‌ಲಾಲನ ಪಾತ್ರ ಮಾಡುವ ಅಮಿತ್ ಭಟ್, ಮಗ ಜೇಠಾಲಾಲನ ಪಾತ್ರದ ದಿಲೀಪ್ ಜೋಶಿಗಿಂತ ಚಿಕ್ಕವರು ಎಂದಾಗ ಅಮ್ಮ ನಂಬಲೇ ಇಲ್ಲ.

ನಮಗೆ ಹಿಡಿಸದ್ದೂ ಇತ್ತು. ಸೊಸೈಟಿಯ ತಮಿಳಿನವ ಅಯ್ಯರ್ ಮಾತಾಡುವ ಹಿಂದಿ ಕೇಳಿ ಅಮ್ಮ, ‘ನಮ್ಮ ಬದಿಯವರು ಯಾರು ಹೀಗೆ ಮಾತಾಡ್ತಾರೆ?’ ಎಂದು ಮುಖ ಸಿಂಡರಿಸುತ್ತಿದ್ದಳು. ಅವಳು ಹೇಳಿದ್ದು ಸರಿ. ದಕ್ಷಿಣದವನನ್ನು ಧಾಟಿಯಿಂದಲೇ ನಗಿಸುವ ಚಾಳಿ ಅದು. ಮನೆಯಲ್ಲಿ ದಯಾಳಂಥ ಹೆಂಡತಿ ಇಟ್ಟುಕೊಂಡು ಜೇಠಾಲಾಲ್ ಅಯ್ಯರನ ಹೆಂಡತಿ ಬಬಿತಾಳ ಬಾಲ್ಕನಿಯ ಕಡೆ ನೋಡುವುದನ್ನಂತೂ ನಾನು ಇವತ್ತಿಗೂ ಒಪ್ಪಿಲ್ಲ.

ಆದರೂ ಕೂರುತ್ತಿದ್ದೆವು, ದಯಾಳಿಗಾಗಿ. ಅವಳ ಗರ್ಬಾ ಎಲ್ಲರಿಗೂ ಇಷ್ಟ. ನಮ್ಮಮ್ಮನಿಗೆ ಹಿಡಿಸಿದ್ದು ಅವಳ ಫೋನು. ಜೇಠಾಲಾಲ್ ಅಂಗಡಿಗೆ ಹೊರಡುವ ಹೊತ್ತಿನಲ್ಲಿ, ಮನೆಯಲ್ಲಿ ಏನು ತಾಪತ್ರಯವಿದ್ದರೂ ಸರಿ, ಅವಳು ಅಹಮದಾಬಾದಿನ ತಾಯಿಗೆ ಫೋನು ಹಚ್ಚುತ್ತಾಳೆ. ಸಣ್ಣದು ದೊಡ್ಡದು ಅಂತಿಲ್ಲ, ಎಲ್ಲವನ್ನೂ ತಾಯಿಗೆ ಒಪ್ಪಿಸಬೇಕು. ಗಂಡ ಹಲ್ಲು ಕಡಿಯುತ್ತಾನೆ. ಆ ತಾಯಿಯ ಮುಖವನ್ನು ಒಂದು ಸಲವೂ ತೋರಿಸಿಲ್ಲ. ಅಮ್ಮ ಮಾತ್ರ ಆಕೆಯನ್ನು ಕಣ್ಣಾರೆ ಕಂಡವಳಂತೆ ಮಾತಾಡುತ್ತಿದ್ದಳು: ‘ಪಾಪ, ಮಗಳು ಫೋನ್ ಮಾಡದಿದ್ದರೆ ಅದಕ್ಕೆ ದಿನ ಹೋಗುದಿಲ್ಲ.’

2016ರಲ್ಲಿ ಅಮ್ಮ ಊರಿಗೆ ವಾಪಸು ಹೋದಳು, ಅಣ್ಣನ ಮನೆಗೆ. ಮರುವರ್ಷ ದಯಾಳ ಪಾತ್ರ ಮಾಡುತ್ತಿದ್ದ ದಿಶಾ ವಕಾನಿ ಹೆರಿಗೆ ರಜೆಗೆ ಹೋದರು. ಅವರ ಮೇಲೆ ನನಗೆ ಒಂದಿಷ್ಟೂ ದೂರಿಲ್ಲ. ಒಂಬತ್ತು ವರ್ಷ ಆ ದನಿ ಎಳೆದು ಮಾತಾಡಿ ದುಡಿದವರು, ಕೂಸಿನ ಜತೆ ಮನೆಯಲ್ಲಿರಲಿ.

ನನ್ನ ಸಿಟ್ಟು ಬೇರೆ. ಡಾಕ್ಟರ್ ಹಾಥಿಯ ಪಾತ್ರದ ಕವಿ ಕುಮಾರ್ ಆಜಾದ್ 2018ರಲ್ಲಿ ತೀರಿಕೊಂಡಾಗ ಇನ್ನೊಬ್ಬರು ಬಂದರು. ಜೇಠಾಲಾಲನ ಮಗ ಟಪ್ಪು ಬದಲಾದ. 2022ರಲ್ಲಿ ಶೈಲೇಶ್ ಲೋಢಾ ಬಿಟ್ಟ ಮೇಲೆ ಖುದ್ದು ತಾರಕ್ ಮೆಹ್ತಾನ ಪಾತ್ರವೇ ಬೇರೆಯವರಿಗೆ ಹೋಯಿತು. ನಾವು ಎಲ್ಲವನ್ನೂ ಒಪ್ಪಿದೆವು. ದಯಾಳ ವಿಷಯದಲ್ಲಿ ಮಾತ್ರ ಬೇರೆಯವರನ್ನು ತರಲೂ ಇಲ್ಲ, ಅವಳಿನ್ನು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ದಯಾಳ ತಮ್ಮ ಸುಂದರ್ ಬರುತ್ತಾನೆ, ‘ಬೆಹನಾ ಬರ್ತಾಳೆ’ ಅನ್ನುತ್ತಾನೆ. ಅವನ ಪಾತ್ರ ಮಾಡುವ ಮಯೂರ್ ವಕಾನಿ ದಿಶಾರ ಸ್ವಂತ ಒಡಹುಟ್ಟಿದವರು ಬೇರೆ, ಆ ಮಾತನ್ನು ನಂಬದೆ ಇರುವುದು ಹೇಗೆ? 2023ರ ದೀಪಾವಳಿಗೆ ಬಂದೇ ಬರುತ್ತಾಳೆ ಎಂದು ಕಥೆ ಕಟ್ಟಿ, ಜೇಠಾಲಾಲನಿಂದ ಮನೆ ಸಿಂಗರಿಸಿ, ಕೊನೆಗೆ ಬರಿಗೈಯಲ್ಲಿ ಕೂರಿಸಿದರು.

ಆ ವಾರವಿಡೀ ಅಮ್ಮ ಊರಲ್ಲಿ ನೋಡುತ್ತಿದ್ದಳು. ಎಂಟೂವರೆಗೆ ಮಂಗಳಾರತಿ ಬೇಗ ಮುಗಿಸಿ ಕೂರುತ್ತಿದ್ದಳಂತೆ. ನಾನು ಟ್ರೇನಿನಲ್ಲಿ ಸಿಕ್ಕಿಹಾಕಿಕೊಂಡು ತಡವಾದ ದಿನ ಫೋನು ಮಾಡಿದರೆ ನನ್ನ ಊಟ ಆಯ್ತಾ ಅಂತಲೂ ಕೇಳದೆ, ‘ದಯಾ ಬಂತಾ?’ ಅಂದಳು. ಕರೆಂಟು ಹೋಗಿ ಅರ್ಧ ಕಂತು ತಪ್ಪಿತ್ತು ಅವಳಿಗೆ. ಬರಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದರ ಅಮ್ಮನಿಗೆ ಹುಷಾರಿಲ್ಲವೋ ಏನೋ’ ಅಂದಳು. ಎಂಬತ್ತರ ಹೊಸ್ತಿಲಲ್ಲಿರುವವಳಿಗೆ ಹೀಗೆ ಆಸೆ ತೋರಿಸಬಾರದಿತ್ತು. ಅವತ್ತಿನಿಂದ ನಾನು ಹೊಸ ಕಂತು ನೋಡಿಲ್ಲ.

ಹೊಸದಾಗಿ ನೋಡುವವರಿಗೆ ನನ್ನ ಸಲಹೆ ಇಷ್ಟೇ. ಇದೊಂದಕ್ಕಾಗಿ ಟೀವಿ ಪ್ಯಾಕಿಗೋ ಆ್ಯಪಿಗೋ ದುಡ್ಡು ಹಾಕಬೇಡಿ. ನಾವು ಆ ಚಾನೆಲ್ಲನ್ನು ಪ್ಯಾಕಿನಿಂದ ತೆಗೆಸಿದ್ದೇವೆ. ಹಳೆಯ ಕಂತುಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. 2017ಕ್ಕಿಂತ ಹಿಂದಿನವನ್ನು ಆರಿಸಿಕೊಳ್ಳಿ, ಅದರಲ್ಲೂ ಮೊದಲ ನಾಲ್ಕೈದು ವರ್ಷದವು. ಭಿಡೆ ಬೋರ್ಡಿನ ಮೇಲೆ ಸುವಿಚಾರ ಬರೆಯುವುದು, ಅಬ್ದುಲ್‌ನ ಅಂಗಡಿಯ ಮುಂದೆ ಗಂಡಸರೆಲ್ಲ ಸೋಡಾ ಕುಡಿಯುತ್ತ ನಿಲ್ಲುವುದು, ಜೇಠಾಲಾಲನ ಅಂಗಡಿಯ ನೌಕರ ನಟ್ಟು ಕಾಕಾ ಸಂಬಳ ಹೆಚ್ಚಿಸಿ ಎಂದು ಕೇಳುವುದು. ಅಷ್ಟು ಹಗುರವಾಗಿ, ಯಾರನ್ನೂ ಅಳಿಸದೆ ಒಂದು ಮನೆಯ ರಾತ್ರಿಯೂಟ ತುಂಬಿದ ಧಾರಾವಾಹಿ ನಾನು ಬೇರೆ ಕಂಡಿಲ್ಲ. ನಟ್ಟು ಕಾಕಾ ಆಗಿದ್ದ ಘನಶ್ಯಾಮ್ ನಾಯಕ್ 2021ರಲ್ಲಿ ಹೋದರು. ಆ ಕಂತುಗಳನ್ನು ಈಗ ನೋಡುವಾಗ ಗಂಟಲು ಕಟ್ಟುತ್ತದೆ, ಆದರೂ ನೋಡಿ.

ಅಮ್ಮನಿಗೆ ಅಣ್ಣನ ಮಗ ಹಳೆಯ ಕಂತು ಹಾಕಿಕೊಡುತ್ತಾನೆ, ಮೊಬೈಲನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ. ಮೊನ್ನೆ ಎಂಟೂವರೆ ದಾಟಿದ ಮೇಲೆ ಮನೆಯ ಫೋನಿಗೆ ಮಾಡಿದೆ. ಹಿಂದಿನಿಂದ ಆ ಎಳೆದ ದನಿ ಕೇಳುತ್ತಿತ್ತು. ಎರಡು ಮಾತಾಡುವುದರೊಳಗೆ ಅಮ್ಮ ನನ್ನನ್ನು ತಡೆದಳು: ‘ತಡಿ, ದಯಾ ಅದರ ಅಮ್ಮಂಗೆ ಫೋನ್ ಮಾಡ್ತಾ ಇತ್ತ್. ಮುಗದ್ ಮೇಲೆ ಮಾಡ್.’