ಚಿಗರಿ ಬಸ್ಸಿಗೊಂದು, ಉಣಕಲ್ ಕೆರೆ ದಂಡೆಗೊಂದು: ಟಿಎಂ2, ಟಿಎಂ3, ಟಿಎಂ4

ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನೊಳಗಿನ ಫೋನಿಗೂ ಉಣಕಲ್ ಕೆರೆ ದಂಡೆಯಲ್ಲಿ ನಡೆಯುವವರ ಫೋನಿಗೂ ಒಂದೇ ಎರಡು-ಆಂಟೆನಾ ವಿಧಾನ ಒಗ್ಗುವುದಿಲ್ಲ. ಟಿಎಂ2, ಟಿಎಂ3, ಟಿಎಂ4 ಎಂದರೆ 4ಜಿ ಟವರ್ ಎರಡು ಆಂಟೆನಾಗಳಿಂದ ಕಳಿಸುವ ಮೂರು ವಿಧಾನಗಳು (ಟ್ರಾನ್ಸ್‌ಮಿಷನ್ ಮೋಡ್). ಇದನ್ನು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ಎರಡು ಬಿ210 (ಸಾಫ್ಟ್‌ವೇರ್ ರೇಡಿಯೊ ಪೆಟ್ಟಿಗೆ), ಎರಡು ಲ್ಯಾಪ್‌ಟಾಪ್, ಎಸ್‌ಆರ್‌ಎಸ್‌ರಾನ್ 4ಜಿ (ಟವರ್, ಫೋನ್ ಎರಡರ ಕೆಲಸವನ್ನೂ ಮಾಡುವ ಸಾಫ್ಟ್‌ವೇರ್) ಮುಖ್ಯ ಸಾಮಾನು. ಯುಎಸ್‌ಬಿ 3.0 ಪೋರ್ಟೇ ಬೇಕು; 2.0ದಲ್ಲಿ 10 ಮೆಗಾಹರ್ಟ್ಸ್‌ನ ಎರಡು ಚಾನೆಲ್ ಹಿಡಿಯುವುದಿಲ್ಲ, ಪರದೆ ತುಂಬ 'ಓ', 'ಯು' ಅಕ್ಷರಗಳು (ಡೇಟಾ ಉಕ್ಕಿತು, ಸಾಲದಾಯಿತು ಎಂಬ ಸೂಚನೆ) ಬೀಳುತ್ತವೆ.

ಲೈಸೆನ್ಸ್ ಇಲ್ಲದೆ ಈ ಪರೀಕ್ಷೆಯ 4ಜಿ ಆವರ್ತನ 1842.5 ಮೆಗಾಹರ್ಟ್ಸ್ ಅನ್ನು ಗಾಳಿಗೆ ಬಿಡುವಂತಿಲ್ಲ. ಆಂಟೆನಾ ಬಿಚ್ಚಿ ಕೇಬಲ್ ಹಾಕಿ, ಪ್ರತಿ ದಾರಿಗೂ ಕನಿಷ್ಠ 40 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಬಿಡಿಭಾಗ) ಕೊಡಿ. ಇಲ್ಲದಿದ್ದರೆ ರಿಸೀವರ್ ಸುಡಬಹುದು.

ಹೆಚ್ಚಿನವರು ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಎರಡು ಕೇಬಲ್ ನೇರ ಜೋಡಿಸಿದರೆ ಎರಡು ದಾರಿಗಳೂ ಬೇರೆಯಾಗಿಯೇ ಉಳಿದು, ಟಿಎಂ3, ಟಿಎಂ4 ಎರಡೂ ಸುಳ್ಳೇ ಚೆನ್ನಾಗಿ ಕಾಣುತ್ತವೆ. ಸಿಗ್ನಲ್ ಹಂಚುವ ಸ್ಪ್ಲಿಟರ್, ಕೂಡಿಸುವ ಕಂಬೈನರ್ ಹಾಕಿ, ಕಳಿಸುವ ಎರಡು ಮತ್ತು ಪಡೆಯುವ ಎರಡು ಪೋರ್ಟುಗಳ ನಡುವಿನ ನಾಲ್ಕೂ ದಾರಿ ಸಮ ಉದ್ದ ಇಟ್ಟರೆ ರ‍್ಯಾಂಕ್ (ಏಕಕಾಲಕ್ಕೆ ಹೋಗಬಲ್ಲ ಬೇರೆ ಬೇರೆ ಮಾಹಿತಿ ಹರಿವುಗಳ ಸಂಖ್ಯೆ) 1ಕ್ಕೆ ಇಳಿಯುತ್ತದೆ. ಅದು ವಿಧಾನದ ದೋಷವಲ್ಲ, ಕೇಬಲ್ಲಿನದು. ನಾಲ್ಕರಲ್ಲಿ ಒಂದನ್ನು ಮಾತ್ರ ಉಳಿದವಕ್ಕಿಂತ 5.7 ಸೆಂ.ಮೀ. ಹೆಚ್ಚು ಉದ್ದ ಮಾಡಿ (ಆರ್‌ಜಿ-316 ಕೇಬಲ್ಲಿನಲ್ಲಿ ಅರ್ಧ ತರಂಗದೂರ). ಆಗ ರ‍್ಯಾಂಕ್ 2 ಬರುತ್ತದೆ. ಹೋಲಿಕೆ ಇಲ್ಲಿಂದ ಶುರು.

ಟಿಎಂ2 ಸಂಶೋಧಕ ಅಲಮೌಟಿ 1998ರಲ್ಲಿ ಕೊಟ್ಟ ಕಲ್ಪನೆ: ಒಂದೇ ಮಾಹಿತಿ ಎರಡು ಆಂಟೆನಾಗಳಿಂದ ಹೋಗುತ್ತದೆ. 10 ಮೆಗಾಹರ್ಟ್ಸ್, 64 ಕ್ಯುಎಎಂನಲ್ಲಿ (ಒಂದು ಸಂಕೇತಕ್ಕೆ 6 ಬಿಟ್) ಸುಮಾರು 36 ಎಂಬಿಪಿಎಸ್ ದಾಟುವುದಿಲ್ಲ. ಆದರೆ ಸಿಗ್ನಲ್ ಕುಂದಿದಾಗ ಕಡೆಯವರೆಗೂ ನಿಲ್ಲುವುದು ಇದೇ.

ಟಿಎಂ3, ಟಿಎಂ4 ಎರಡೂ ಬೇರೆ ಬೇರೆ ಮಾಹಿತಿಯ ಎರಡು ಪದರ ಕಳಿಸಿ ಇದರ ದುಪ್ಪಟ್ಟು, ಸುಮಾರು 73 ಎಂಬಿಪಿಎಸ್ ಕೊಡಬಲ್ಲವು. ಇಬ್ಬರ ನಡುವಿನ ಜಗಳ ಫೋನ್ ಚಲಿಸುವ ವೇಗದ್ದು. ಟಿಎಂ4 ಫೋನ್ ಕಳಿಸುವ ಪಿಎಂಐ (ಯಾವ ಹೊಂದಿಕೆ ಒಗ್ಗುತ್ತದೆ ಎಂಬ ವರದಿ) ನಂಬಿ ದಿಕ್ಕು ಹೊಂದಿಸುತ್ತದೆ. ನಾಲ್ಕೂ ದಾರಿಗೆ ಬೇರೆ ಬೇರೆ ಫೇಡಿಂಗ್ (ಸಿಗ್ನಲ್ ಏರಿಳಿತ) ಕೊಡುವ ಎಮ್ಯುಲೇಟರ್ ಹಾಕಿ ನೋಡಿ. ಅದರ ಇಪಿಎ5 ಮಾದರಿ ಎಂದರೆ 5 ಹರ್ಟ್ಸ್ ಡಾಪ್ಲರ್ (ಚಲನೆಯಿಂದಾಗುವ ಆವರ್ತನ ಬದಲಾವಣೆ), ಗಂಟೆಗೆ 3 ಕಿ.ಮೀ. ನಡಿಗೆ, ಚಾನೆಲ್ ಸುಮಾರು 85 ಮಿಲಿಸೆಕೆಂಡ್ ಸ್ಥಿರ. ವರದಿ ಹಳಸುವುದಿಲ್ಲ, ಟಿಎಂ4 ಗೆಲ್ಲುತ್ತದೆ. ಒಂದೇ ಪದರದಲ್ಲಿಯೂ ಟಿಎಂ2ಗಿಂತ 3 ಡಿಬಿವರೆಗೆ ಲಾಭ. ಇವಿಎ70 ಮಾದರಿ ಎಂದರೆ 70 ಹರ್ಟ್ಸ್, ಗಂಟೆಗೆ 41 ಕಿ.ಮೀ., ಚಿಗರಿಯ ಓಟ. ಸ್ಥಿರತೆ ಬರೀ 6 ಮಿಲಿಸೆಕೆಂಡ್. 40 ಮಿಲಿಸೆಕೆಂಡಿಗೊಮ್ಮೆ ಬರುವ ಪಿಎಂಐ ಬರುವಷ್ಟರಲ್ಲಿ ಚಾನೆಲ್ ಬದಲಾಗಿರುತ್ತದೆ, ಮರುಪ್ರಸಾರ ಹೆಚ್ಚುತ್ತದೆ.

ಟಿಎಂ3ಗೆ ಪಿಎಂಐ ಬೇಡವೇ ಬೇಡ. ರ‍್ಯಾಂಕ್ ಬಿದ್ದರೆ ತಾನೇ ಟಿಎಂ2ರಂತೆ ಕಳಿಸುತ್ತದೆ. ಹಾಗಾಗಿ ಚಿಗರಿಗೆ ಟಿಎಂ3. ದಂಡೆಗೆ ಟಿಎಂ4 ಇಡುವಾಗಲೂ ವರದಿಯ ಅವಧಿಯನ್ನು ಮೊದಲು ನೋಡಿಕೊಳ್ಳಿ.