ಸೇತುವೆ ದಾಟಿದರೆ ಆ ಪರವಾನಗಿ ಬರೀ ಕಾಗದ

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಪಿಸ್ತೂಲು ಒಯ್ಯುವ ಪರವಾನಗಿ ಪಡೆದಿರುವ ಕನ್ನಡಿಗರು ಇದನ್ನು ಓದಿ. ಡೆಲವೇರ್ ನದಿ ದಾಟಿ ನ್ಯೂಜೆರ್ಸಿಗೆ ಕಾಲಿಟ್ಟರೆ ಆ ಪರವಾನಗಿಗೆ ಕವಡೆ ಕಿಮ್ಮತ್ತಿಲ್ಲ. ಡ್ರೈವಿಂಗ್ ಲೈಸೆನ್ಸ್ 50 ರಾಜ್ಯಗಳಲ್ಲೂ ನಡೆಯುತ್ತದೆ, ಇದೂ ಹಾಗೆಯೇ ಎಂದುಕೊಂಡವರಲ್ಲಿ ನಮ್ಮ ಭಾವನವರೂ ಒಬ್ಬರು.

ಅವರದು ಗ್ರೀನ್ ಕಾರ್ಡ್. ಬೀದಿಯಲ್ಲಿ ಕಳ್ಳತನ ಹೆಚ್ಚಿತೆಂದು ಪಿಸ್ತೂಲು ಕೊಂಡರು, ಶೆರಿಫ್ ಕಚೇರಿಯಲ್ಲಿ 20 ಡಾಲರ್ ಕಟ್ಟಿ ಐದು ವರ್ಷದ ಪರವಾನಗಿ ಪಡೆದರು. ಅಲ್ಲಿಯವರೆಗೆ ಎಲ್ಲವೂ ಕ್ರಮಬದ್ಧ. "ಅಕ್ಕಪಕ್ಕದ ರಾಜ್ಯಗಳಲ್ಲೂ ನಡೆಯುತ್ತದೆ" ಎಂದು ಅಭಯ ಕೊಟ್ಟವನು ಅಂಗಡಿಯವನು. ಸರಕು ಮಾರಿ ಕೈತೊಳೆದುಕೊಳ್ಳುವವನಿಗೆ ಜೈಲಿನ ಚಿಂತೆ ಏಕೆ?

ಬ್ರಿಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೊರಟಿದ್ದರು. ಲೇನ್ ಬದಲಿಸುವಾಗ ಸಿಗ್ನಲ್ ಹಾಕಲಿಲ್ಲವೆಂದು ಪೊಲೀಸರು ಕಾರು ನಿಲ್ಲಿಸಿದರು. ಪಿಸ್ತೂಲಿದೆ, ಪರವಾನಗಿಯೂ ಇದೆ ಎಂದು ಭಾವ ತಾವಾಗಿಯೇ ಹೇಳಿ ಕಾರ್ಡ್ ಚಾಚಿದರು. ಪೊಲೀಸ್ ಅದನ್ನು ತಿರುಗಿಸಿಯೂ ನೋಡದೆ ಕೈಕೋಳ ಹಾಕಿದ. ಡಿಕ್ಕಿಯಲ್ಲಿದ್ದ ತೆಂಗಿನಕಾಯಿ, ಹೂವು, ಪುಳಿಯೋಗರೆಯ ಡಬ್ಬಿ ಎಲ್ಲವನ್ನೂ ರಸ್ತೆಯಂಚಿಗೆ ಇಳಿಸಿ, ಡಬ್ಬಿಯ ಮುಚ್ಚಳ ತೆಗೆದೂ ನೋಡಿದರು. ಅಕ್ಕ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ನನಗೆ ಫೋನ್ ಮಾಡಿದಳು.

ನ್ಯೂಜೆರ್ಸಿ ಬೇರೆ ಯಾವ ರಾಜ್ಯದ ಪರವಾನಗಿಯನ್ನೂ ಒಪ್ಪುವುದಿಲ್ಲ. ಅಲ್ಲಿ ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಂಡಿರುವುದು ಎರಡನೆಯ ದರ್ಜೆಯ ಅಪರಾಧ. ಐದರಿಂದ ಹತ್ತು ವರ್ಷ ಸೆರೆ, ಒಂದೂವರೆ ಲಕ್ಷ ಡಾಲರ್‌ವರೆಗೆ ದಂಡ. ಬಂದೂಕಿನ ಅಪರಾಧಗಳಿಗೆ ಕನಿಷ್ಠ ಸೆರೆ ವಿಧಿಸುವ ಅಲ್ಲಿನ ಗ್ರೇವ್ಸ್ ಕಾಯ್ದೆಯ ಪ್ರಕಾರ ಪೆರೋಲ್ ಕೇಳುವ ಮೊದಲು ಕನಿಷ್ಠ 42 ತಿಂಗಳು ಒಳಗಿರಬೇಕು. ತುದಿ ಟೊಳ್ಳಾದ ಹಾಲೋ ಪಾಯಿಂಟ್ ಗುಂಡು ಸಿಕ್ಕರೆ ಅದಕ್ಕೆ ಪ್ರತ್ಯೇಕ ಮೊಕದ್ದಮೆ.

2013ರಲ್ಲಿ ಪೆನ್ಸಿಲ್ವೇನಿಯದ ಒಬ್ಬ ತಾಯಿಗೂ ಹೀಗೆಯೇ ಆಯಿತು. ಆಕೆಯೂ ತಾನಾಗಿಯೇ ಪೊಲೀಸರಿಗೆ ತಿಳಿಸಿ ಸಿಕ್ಕಿಬಿದ್ದವಳು. ಗಲಾಟೆ ದೊಡ್ಡದಾಗಿ, 2014ರಲ್ಲಿ ಇಂಥ ಹೊರರಾಜ್ಯದವರ ಬಗ್ಗೆ ಮೃದುವಾಗಿರಿ ಎಂಬ ಸೂಚನೆ ಸರಕಾರಿ ವಕೀಲರಿಗೆ ಹೋಯಿತು. ಮರುವರ್ಷ ನ್ಯೂಜೆರ್ಸಿಯ ಆಗಿನ ಗವರ್ನರ್ ಕ್ರಿಸ್ಟಿ ಆಕೆಗೆ ಕ್ಷಮಾದಾನ ನೀಡಿದರು. ಆ ಸೂಚನೆಯ ಪುಣ್ಯದಿಂದ ಭಾವನವರು ವಿಚಾರಣೆಯಿಲ್ಲದೆ ನಿಗಾವಣೆಯ ಕಾರ್ಯಕ್ರಮಕ್ಕೆ ಸೇರಿ ಬಚಾವಾದರು. ಆದರೆ ತಿಂಗಳುಗಟ್ಟಲೆ ಕೋರ್ಟಿನ ಅಲೆದಾಟ, ಕಾರಿನ ಬೆಲೆಯಷ್ಟು ವಕೀಲರ ಶುಲ್ಕ. ಶಿಕ್ಷೆಯಾಗಿದ್ದರೆ ಗ್ರೀನ್ ಕಾರ್ಡ್‌ಗೂ ಸಂಚಕಾರ. ಬಂದೂಕಿನ ಅಪರಾಧ ಗಡೀಪಾರಿಗೆ ಸಾಕು.

ಇಡೀ ದೇಶಕ್ಕೆ ಅನ್ವಯಿಸುವ ಒಕ್ಕೂಟದ (ಫೆಡರಲ್) ಕಾನೂನು ಕಾಪಾಡುತ್ತದೆ ಎನ್ನುವ ಪಂಡಿತರಿಗೆ ಒಂದು ಮಾತು. 1986ರ ಆ ರಕ್ಷಣೆ ಹಾದುಹೋಗುವವರಿಗೆ ಮಾತ್ರ. ಹೊರಟ ಊರು, ತಲುಪುವ ಊರು ಎರಡರಲ್ಲೂ ನಿಮಗೆ ಬಂದೂಕು ಒಯ್ಯುವ ಹಕ್ಕಿರಬೇಕು, ಗುಂಡು ತುಂಬಿರಬಾರದು, ಕೈಗೆಟುಕುವಂತೆಯೂ ಇರಬಾರದು. ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ ವಿಮಾನ ತಪ್ಪಿ, ಬಂದೂಕಿದ್ದ ಪೆಟ್ಟಿಗೆಯೊಡನೆ ಹೋಟೆಲಿನಲ್ಲಿ ರಾತ್ರಿ ಕಳೆದ ಯೂಟಾದ ಪ್ರಯಾಣಿಕನನ್ನು ಮರುದಿನ ಬಂಧಿಸಿದ್ದರು. ಈ ರಕ್ಷಣೆ ಅವನಿಗೆ ಸಲ್ಲದು ಎಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ದೇವಸ್ಥಾನವೇ ನ್ಯೂಜೆರ್ಸಿಯಲ್ಲಿದ್ದರಂತೂ ಈ ವಾದವೇ ನಿಲ್ಲುವುದಿಲ್ಲ.

ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾದವರ ಪಾಡು ಇನ್ನೂ ಕಷ್ಟ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ನೀವು ಯಾವ ರಾಜ್ಯದಲ್ಲೂ ಬಂದೂಕು ಹೊಂದುವಂತಿಲ್ಲ. ಶಿಕ್ಷೆ 15 ವರ್ಷದವರೆಗೆ. ಅರ್ಧಕ್ಕೂ ಹೆಚ್ಚು ರಾಜ್ಯಗಳು ಪಿಸ್ತೂಲು ಒಯ್ಯಲು ಪರವಾನಗಿಯೇ ಬೇಡ ಎಂದಿರುವುದು ನಿಮಗೆ ಸಂಬಂಧಿಸಿದ್ದಲ್ಲ.

ಭಾರತಕ್ಕೆ, ಊರಿಗೆ ಹೊರಡುವ ಮುನ್ನ, ಶೂಟಿಂಗ್ ರೇಂಜಿಗೆ ಒಯ್ಯುತ್ತಿದ್ದ ಚೀಲದ ಮೂಲೆಮೂಲೆಯನ್ನೂ ಜಾಲಾಡಿ, ಇಲ್ಲವೇ ಬೇರೆ ಚೀಲ ಒಯ್ಯಿರಿ. ಉಳಿದ ಒಂದೇ ಒಂದು ಗುಂಡು ನಮ್ಮ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಪ್ರಕರಣ ದಾಖಲಾಗುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಲ್ಲಿ ಎರಡರಿಂದ ಐದು ವರ್ಷ ಶಿಕ್ಷೆ. ಗೊತ್ತಿಲ್ಲದೆ ಉಳಿದುಕೊಂಡಿತ್ತು ಎಂದು ಹೈಕೋರ್ಟಿನಲ್ಲಿ ವಾದಿಸಿ ಪ್ರಕರಣ ರದ್ದು ಮಾಡಿಸಿಕೊಂಡವರಿದ್ದಾರೆ, ಆದರೆ ನಿಮ್ಮ ರಜೆ ಅಷ್ಟು ದಿನ ಇರುವುದಿಲ್ಲ.