ಮುಕ್ಕಾಲು ಪಿಟೀಲು, ಒಂದು ಮಳೆಗಾಲ

ಆನ್‌ಲೈನ್‌ನಲ್ಲಿ ತರಿಸಿದ ಈ ಪಿಟೀಲಿಗೆ 5ರಲ್ಲಿ 3 ನಕ್ಷತ್ರ ಕೊಡುತ್ತಿದ್ದೇನೆ. ಒಂದನ್ನು ಕಳೆದದ್ದು ಕುದುರೆಗೆ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿಗೆ, ಇನ್ನೊಂದನ್ನು ಕಪ್ಪು ಬಣ್ಣಕ್ಕೆ. ಅಂಟು ಬಿಟ್ಟದ್ದಕ್ಕೆ ಏನನ್ನೂ ಕಳೆದಿಲ್ಲ. ಅದು ನನ್ನ ಕೆಲಸ.

ನನ್ನದು ಸುಂಟಿಕೊಪ್ಪದಲ್ಲಿ ಬೇಕರಿ. ಹತ್ತು ವರ್ಷದ ಮಗಳನ್ನು ಪ್ರತಿ ಶನಿವಾರ ಮಡಿಕೇರಿಯ ಪಿಟೀಲು ತರಗತಿಗೆ ಕರೆದುಕೊಂಡು ಹೋಗುತ್ತೇನೆ. ಮೇಡಂ ಪಾಶ್ಚಾತ್ಯ ಕ್ರಮದಲ್ಲಿ ಕಲಿಸುತ್ತಾರೆ. ಒಂದು ದಿನ ಪಾಠ ಮುಗಿದ ಮೇಲೆ ಮೊಬೈಲ್‌ನಲ್ಲಿ ಸೊನಾಟಾ ಎಂಬ ಪಾಶ್ಚಾತ್ಯ ವಾದ್ಯಕೃತಿಯೊಂದನ್ನು ಹಾಕಿ, ಬೆಂಚಿನ ಮೇಲೆ ತೂಕಡಿಸುತ್ತಿದ್ದ ನನ್ನನ್ನು ಎಬ್ಬಿಸಿದರು. "ಇದನ್ನು ಬರೆದವಳೂ ನಿಮ್ಮಂಥ ಬೇಕರಿಯವರೊಬ್ಬರ ಮಗಳೇ" ಎಂದರು.

ಆಕೆಯ ಹೆಸರು ಅಮಾಂಡಾ ಮೈಯರ್. 1853ರಲ್ಲಿ ಸ್ವೀಡನ್ನಿನ ಲ್ಯಾಂಡ್ಸ್‌ಕ್ರೋನಾದಲ್ಲಿ ಹುಟ್ಟಿದವಳು. ತಂದೆ ಜರ್ಮನಿಯಿಂದ ಬಂದು ಕೇಕು, ಮಿಠಾಯಿ ಮಾಡುತ್ತಿದ್ದವರು. ಪಿಟೀಲು, ಪಿಯಾನೋ ಎರಡರ ಮೊದಲ ಪಾಠವೂ ಅವರಿಂದಲೇ. ಹದಿನಾರಕ್ಕೆ ಹುಡುಗಿ ಸ್ಟಾಕ್‌ಹೋಮಿನ ರಾಯಲ್ ಸಂಗೀತ ವಿದ್ಯಾಲಯ ಸೇರಿದಳು. ಅಲ್ಲಿ ಪಿಟೀಲಿನ ಜತೆಗೆ ಆರ್ಗನ್, ಪಿಯಾನೋ, ಚೆಲೋ, ಸಂಯೋಜನೆ, ಹಾರ್ಮೊನಿ ಎಲ್ಲವನ್ನೂ ಕಲಿತು, ಸಂಗೀತ ನಿರ್ದೇಶಕರ ಪದವಿ ಪಡೆದ ಮೊದಲ ಹೆಣ್ಣುಮಗಳಾದಳು. ಇಷ್ಟು ಕೇಳಿ ನನ್ನ ನಿದ್ದೆ ಹಾರಿತು. ಮನೆಗೆ ಬಂದ ರಾತ್ರಿಯೇ ಮಕ್ಕಳಿಗೆಂದು ಮಾಡುವ ಮುಕ್ಕಾಲು ಅಳತೆಯ ಪಿಟೀಲು ಹುಡುಕಿ, 7,500 ರೂಪಾಯಿ ಕಟ್ಟಿದೆ. ಅಲ್ಲಿಯವರೆಗೆ ಮೇಡಂ ಕೊಟ್ಟ ಹಳೆಯದರಲ್ಲೇ ಅಭ್ಯಾಸ ನಡೆಯುತ್ತಿತ್ತು.

ಪೆಟ್ಟಿಗೆ ಒಂಬತ್ತನೆಯ ದಿನ ಬಂತು. ಪಿಟೀಲು, ಕಮಾನು, ಹೆಗಲಿಗೆ ಹಾಕುವ ಚೀಲ ಚೆನ್ನಾಗಿದ್ದವು. ಕಮಾನಿಗೆ ಹಚ್ಚುವ ರಾಳದ ಬಿಲ್ಲೆ ದಾರಿಯಲ್ಲೇ ಮೂರು ತುಂಡಾಗಿತ್ತು, ಆದರೂ ಸಾಕಾಯಿತು. ಮುಂಭಾಗ ಸ್ಪ್ರೂಸ್ ಮರ, ಹಿಂಭಾಗ ಮೇಪಲ್ ಮರ ಎಂದು ಬರೆದಿದ್ದರು. ಮೊದಲ ವಾರ ಮಗಳ ಎಡಗೈ ಬೆರಳ ತುದಿಗಳು ಇದ್ದಿಲು ಮುಟ್ಟಿದಂತೆ ಕಪ್ಪಾದವು. ಬೆರಳು ಊರುವ ಹಲಗೆ ಕರಿಮರದ್ದಲ್ಲ, ಯಾವುದೋ ಬಿಳಿ ಮರಕ್ಕೆ ಬಣ್ಣ ಬಳಿದದ್ದು. ಬೆವರು ತಾಗಿದೊಡನೆ ಬಿಡುತ್ತದೆ. ಕೆಂಪು ಬಣ್ಣ ಹಾಕಿ ಚೆರ್ರಿ ಎಂದು ಮಾರುವ ಕವಳೆಕಾಯಿಗಳನ್ನು ಮೂವತ್ತು ವರ್ಷದಿಂದ ಕೇಕಿಗೆ ಹಾಕುತ್ತಿರುವ ನಾನು ಇದಕ್ಕಾಗಿ ಯಾರನ್ನೂ ಬೈಯುವಂತಿಲ್ಲ.

ಕುದುರೆಯ ವಿಷಯ ಹಾಗಲ್ಲ. ಅದು ತೀರ ಎತ್ತರ. ತಂತಿಗಳು ಹಲಗೆಯಿಂದ ಅಷ್ಟು ಮೇಲಿದ್ದರೆ ಮಗುವಿನ ಬೆರಳು ಒತ್ತಿ ಒತ್ತಿ ನೋಯುತ್ತದೆ. ಸ್ವರವೂ ಏರಿ ಅಪಸ್ವರವಾಗುತ್ತದೆ. ಮಗಳು ಅಳುತ್ತಿದ್ದಳು, ನಾನು "ಅಭ್ಯಾಸ ಸಾಲದು" ಎಂದು ಗದರುತ್ತಿದ್ದೆ. ಅಮಾಂಡಾಳ ಅಪ್ಪನಾಗಿದ್ದರೆ ಒಂದು ಸಲ ಕಮಾನು ಎಳೆದು ತಪ್ಪು ಎಲ್ಲಿದೆಯೆಂದು ಹೇಳುತ್ತಿದ್ದರು. ನನ್ನ ಕೈಗೆ ಗೊತ್ತಿರುವುದು ಮೈದಾ ಹಿಟ್ಟಿನ ಹದ ಮಾತ್ರ.

ಜುಲೈನಲ್ಲಿ ಮಳೆ ಹಿಡಿಯಿತು. ಚಪ್ಪಲಿ, ಬೆಲ್ಟು, ದೇವರ ಪಟದ ಚೌಕಟ್ಟು ಎಲ್ಲಕ್ಕೂ ಬೂಷ್ಟು. ಪಿಟೀಲಿನ ತಂತಿ ಬಿಗಿಮಾಡುವ ಬಿರಡೆಗಳು ತೇವಕ್ಕೆ ಉಬ್ಬಿ ತಿರುಗದಾದವು. ರಸ್ಕು ಗರಿಗರಿಯಾಗಿರಲೆಂದು ಒಲೆಯ ಗೋಡೆಗೆ ತಾಗಿ ಒಂದು ಹಲಗೆ ಹೊಡೆಸಿದ್ದೇನೆ. ಪಿಟೀಲನ್ನು ಅದರ ಮೇಲಿಟ್ಟೆ. ಮೂರನೆಯ ಬೆಳಿಗ್ಗೆ ತೆಗೆದರೆ ಬಿರಡೆಗಳೆಲ್ಲ ಸಡಿಲ, ತಂತಿಗಳು ಜೋತು, ಕುದುರೆ ಮಗುಚಿ ಬಿದ್ದಿತ್ತು. ಅಲ್ಲಾಡಿಸಿದರೆ ಒಳಗೆ ಎರಡು ಹಲಗೆಗಳ ನಡುವೆ ನಿಲ್ಲಬೇಕಾದ ಕಡ್ಡಿ ಗಡಗಡ ಎನ್ನುತ್ತಿತ್ತು. ಕೆಳಗಿನ ಅಂಚಿನಲ್ಲಿ ಮುಂಭಾಗದ ಹಲಗೆ ಬಿಟ್ಟುಕೊಂಡು, ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು.

ಬಡಗಿಯ ಬಿಳಿ ಗೋಂದಿನ ಡಬ್ಬಿ ಕೈಯಲ್ಲೇ ಇತ್ತು. ಮೊದಲು ಮೇಡಂಗೆ ಫೋನ್ ಮಾಡಿದ್ದು ಪುಣ್ಯ. ಅವರು ಮೈಸೂರಿನ ರಿಪೇರಿಯವರೊಬ್ಬರ ಬಳಿ ಕಳುಹಿಸಿದರು. ಪಿಟೀಲಿಗೆ ಚರ್ಮ ಕುದಿಸಿ ಮಾಡಿದ ಅಂಟನ್ನು ಹಾಕುವುದೇ ಬೇಕಾದಾಗ ಬಿಡಲೆಂದು, ಅದು ಬಿಡದಿದ್ದರೆ ಮರವೇ ಸೀಳುತ್ತದೆ ಎಂದು ರಿಪೇರಿಯವರು ವಿವರಿಸಿದರು. ಅಂಚು ಅಂಟಿಸಿ, ಒಳಗಿನ ಕಡ್ಡಿ ನಿಲ್ಲಿಸಿ, ಬಿರಡೆಗಳಿಗೆ ಸೀಮೆಸುಣ್ಣ ಸವರಿ, ಕುದುರೆಯನ್ನು ಚೂರಿಯಿಂದ ಕೆತ್ತಿ ತಗ್ಗಿಸಿದರು. 1,800 ರೂಪಾಯಿ ಆಯಿತು. ಅದೇ ಪಿಟೀಲು, ಅದೇ ಮಗು, ಆದರೆ ನಾದ ಬೇರೆ. ಈಗ ಒಂದು ಗಂಟೆ ನುಡಿಸಿದರೂ ಬೆರಳು ನೋವೆನ್ನುವುದಿಲ್ಲ.

ಹಾಗಾಗಿ ಕೊಳ್ಳುವವರು 7,500ಕ್ಕೆ ಇನ್ನೊಂದು 2,000 ಸೇರಿಸಿ ಲೆಕ್ಕ ಹಾಕಿ, ತಿಳಿದವರ ಕೈಯಲ್ಲಿ ಕುದುರೆ ಸರಿಮಾಡಿಸಿದ ಮೇಲೆಯೇ ಮಗುವಿಗೆ ಕೊಡಿ. ನಮ್ಮ ಕಡೆಯವರಾದರೆ ಚೀಲದೊಳಗೆ ತೇವ ಹೀರುವ ಪೊಟ್ಟಣ ಹಾಕಿ, ಒಲೆಯಿಂದ ದೂರ ಇಡಿ.

ಆ ಸೊನಾಟಾ 1878ರಲ್ಲಿ ಅಚ್ಚಾದದ್ದು. ಅದಕ್ಕೂ ಮೊದಲು ಅಮಾಂಡಾ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ, ಗೆವಾಂಡ್‌ಹೌಸ್ ವಾದ್ಯಮೇಳದ ಮುಖ್ಯ ಪಿಟೀಲುವಾದಕ ಎಂಗೆಲ್‌ಬರ್ಟ್ ರಾಂಟ್ಗನ್ ಅವರಲ್ಲಿ ಪಿಟೀಲನ್ನೂ ರೈನೆಕೆ, ರಿಕ್ಟರ್ ಎಂಬ ಇಬ್ಬರು ಶಿಕ್ಷಕರಲ್ಲಿ ಸಂಯೋಜನೆಯನ್ನೂ ಕಲಿತಿದ್ದಳು. 1880ರಲ್ಲಿ ಪಿಟೀಲು ಗುರುಗಳ ಮಗನನ್ನೇ ಮದುವೆಯಾದಳು, ಆಮೇಲೆ ವೇದಿಕೆಯ ಕಛೇರಿಗಳು ನಿಂತುಹೋದವು. ಈ ಭಾಗ ನನಗೆ ಸೇರಲಿಲ್ಲ. ಮಗಳಿಗೆ ಇನ್ನೂ ಹೇಳಿಲ್ಲ.

ಪಿಟೀಲಿಗೆ ಆರು ತಿಂಗಳ ವಾರಂಟಿ ಇತ್ತು. ನಾನು ಕೇಳಲು ಹೋಗಲಿಲ್ಲ. ಅರ್ಜಿಯಲ್ಲಿ "ಹಾನಿ ಹೇಗಾಯಿತು" ಎಂಬ ಕಡೆ ರಸ್ಕಿನ ಹಲಗೆಯ ವಿಷಯ ಬರೆಯಬೇಕಾಗುತ್ತಿತ್ತು.